ನೇರಗೆರೆಯವರ ತಿದ್ದುಪಡಿ

ಕಾಫಿ ಅಂಗಡಿಯ ಗೋಡೆಯ ಮೇಲೆ ತಮ್ಮ ಕೈನಡುಕ ಆಳೆತ್ತರಕ್ಕೆ ನಿಂತಿರುವುದನ್ನು ಕಂಡು ನೇರಗೆರೆಯವರು ಸೈಕಲ್ಲಿನಿಂದ ಇಳಿದರು. 'ಕಾಫಿ ಕುಡಿದು ಹೋಗಿ.' ಅಂಚು ಹರಿದ, ಮಸಿ ಅಲ್ಲಲ್ಲಿ ತಪ್ಪಿದ, ಜ್ವರ ಬಿಟ್ಟು ಎದ್ದು ಬಂದಂಥ ಅಕ್ಷರಗಳು. ಇಬ್ಬರು ಹುಡುಗಿಯರು ಅದರ ಮುಂದೆ ನಿಂತು ಫೋಟೋ ಬೇರೆ ತೆಗೆಸಿಕೊಳ್ಳುತ್ತಿದ್ದರು.

ಜೀವಮಾನವಿಡೀ ಬೋರ್ಡು ಬರೆದ ಕೈ ಅದು. ಗಾರೆಯವರು ರಸಮಟ್ಟ ಮರೆತು ಬಂದ ದಿನ ಇವರ ಬೋರ್ಡಿನ ಅಡಿಗೆರೆ ನೋಡಿಕೊಂಡು ಗೋಡೆ ಏರಿಸಿದ್ದುಂಟು. ಆ ಗೋಡೆಗಳು ಇನ್ನೂ ನಿಂತಿವೆ. ಬಿದ್ದದ್ದೆಲ್ಲ ರಸಮಟ್ಟ ನಂಬಿ ಕಟ್ಟಿದವು. ನೇರಗೆರೆ ಎಂಬುದು ಹಾಗೆ ಬಂದ ಹೆಸರು. ಹೋದ ವರ್ಷ ಕೈ ನಡುಗತೊಡಗಿದಾಗ ಕಣ್ಣು ಮಂಜು ಎಂದು ಸುಳ್ಳು ಹೇಳಿ ಕುಂಚ ಕೆಳಗಿಟ್ಟರು. ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಿಕೊಳ್ಳುವುದನ್ನೂ ಬಿಟ್ಟರು.

ಮಗಳು ಕಂಪ್ಯೂಟರಿಗೆ ಅಕ್ಷರ ಮಾಡಿ ಮಾರುವವಳು. ಹಳೇ ಗೋಡೆಬರಹದ ಹಾಗೆ ಸವೆದ ಅಕ್ಷರಗಳನ್ನು ಮಸಿಯಲ್ಲಿ ಬರೆದುಕೊಡು ಎಂದಿದ್ದಳು. ಕೈ ಹದಕ್ಕೆ ಬರಲಿ ಎಂದು ಇವರು ಮೊದಲು ಒಮ್ಮೆ, ಉಸಿರು ಬಿಗಿಹಿಡಿದು, ನೆಟ್ಟಗೇ ಬರೆದರು. "ಇದೇ ಅಪ್ಪ, ಹೀಗೇ ಬೇಕಿತ್ತು" ಎಂದು ಅವಳು ಆ ಹಾಳೆಗಳನ್ನೇ ಎತ್ತಿಕೊಂಡು ಹೋದಳು. ಬಾಯಲ್ಲಿ ಬಿಸಿತುಪ್ಪ, ಉಗುಳಲಾಗಲಿಲ್ಲ.

ಕಾಫಿ ಅಂಗಡಿಯಿಂದ ಮನೆಗೆ ಬಂದ ನೇರಗೆರೆಯವರು ಕೂರಲಿಲ್ಲ. ಅಡುಗೆಮನೆಗೂ ಬೀದಿ ಬಾಗಿಲಿಗೂ ಓಡಾಡುತ್ತ, ಆ ಅಕ್ಷರ ಎಲ್ಲೆಲ್ಲಿ ಹಾಕುತ್ತಾರೆ ಎಂದು ಕೇಳಿದರು. ದೊಡ್ಡದಾಗಿ, ಎರಡು ಮೂರು ಪದಕ್ಕೆ ಮಾತ್ರ ಎಂದಳು ಮಗಳು. ಕಾಫಿಗೆ, ನಾಟಕದ ಪೋಸ್ಟರಿಗೆ, ಸೋಪಿನ ಡಬ್ಬಿಗೆ. ಔಷಧಿ ಸೀಸೆಗೆ, ಬ್ಯಾಂಕಿಗೆ ಬೇಡ.

"ಅಂದ್ರೆ ಜನ ನಂಬಬೇಕಾದ ಕಡೆ ಬೇಡ."

"ಜನ ನಿಂತು ನೋಡಬೇಕಾದ ಕಡೆ ಬೇಕು."

"ಯಾರ ಕೈ ಅಂತ ಹೇಳಿದೀಯಾ?"

"ಕೇಳಿದೋರಿಗೆಲ್ಲ. ಅದಕ್ಕೆ ನಿನ್ನ ಹೆಸರೇ ಇಟ್ಟಿದೀನಿ, ನೇರಗೆರೆ ಅಂತ."

"ಹೆತ್ತೋರಿಗೆ ಹೆಗ್ಗಣಾನೂ ಮುದ್ದು ಅಂತಾರೆ. ಇದು ನಾನೇ ಹೆತ್ತ ಹೆಗ್ಗಣ ಕಣೇ, ನೋಡಕ್ಕಾಗ್ತಿಲ್ಲ."

ತಮಾಷೆ ಎಂದುಕೊಂಡು ಅವಳು ನಕ್ಕಳು.

ಮರುದಿನ ಅಂಗಡಿಗೆ ರಜೆ. ಮಧ್ಯಾಹ್ನದ ಬಿಸಿಲಿನಲ್ಲಿ ನೇರಗೆರೆಯವರು ಸ್ಟೂಲು ಹಾಕಿಕೊಂಡು ಒಂದು ಅಕ್ಷರವನ್ನು ಬಿಳಿ ಬಣ್ಣದಿಂದ ಪೂರ್ತಿ ಅಳಿಸಿದರು. ಒಣಗುವವರೆಗೆ ಆಚೆ ಈಚೆ ಸುಳಿದಾಡಿದರು. ಆಮೇಲೆ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಅದೇ ಅಕ್ಷರವನ್ನು ಕಪ್ಪಿನಲ್ಲಿ ನೆಟ್ಟಗೆ ಬರೆದರು. ಒಂದು ಸರಿಹೋದರೆ ಸಾಕು, ಉಳಿದವು ಬೇಕಂತಲೇ ಹಾಗಿವೆ ಎಂದು ಊರು ತಿಳಿಯುತ್ತದೆ.

ಇಳಿದು ತಿರುಗಿದರೆ ಮಗಳು. ಎದುರಿನ ದರ್ಜಿ ಫೋನು ಮಾಡಿರಬೇಕು. ಅವಳ ಕಣ್ಣು ಗೋಡೆಯ ಮೇಲಿರಲಿಲ್ಲ. ಒಂದು ಕೈ ಇನ್ನೂ ಹಿಡಿದುಕೊಂಡೇ ಇದ್ದ ಇನ್ನೊಂದು ಕೈಯ ಮೇಲಿತ್ತು. ಆಮೇಲೆ ಗೋಡೆಯತ್ತ ನೋಡಿ ಕೇಳಿದಳು:

"ಯಾವುದನ್ನ ತಿದ್ದಿದೆ, ಅಪ್ಪ?"

ಹಿಂದೆ ಸರಿದು ನೋಡಿದರು. ಬಿಸಿಲಿಗೆ ಎಲ್ಲವೂ ಒಂದೇ ಥರ ಹೊಳೆಯುತ್ತಿದ್ದವು. ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಓದಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತ ಬಂದರು. ಒಂದು ಕಡೆ ಬೆರಳಿಗೆ ಹಸಿ ಕಪ್ಪು ಹತ್ತಿತು.

"ಇದು" ಎಂದರು.