ಮನೀ ಮಗ

ಎಣ್ಣೆ ಮಿಲ್ಲಿನ ಬೆಲ್ಟಿಗೆ ಸಿಕ್ಕಿ ಅವನ ಬಲಗೈ ಮೊಣಕೈವರೆಗೆ ಹೋಗಿತ್ತು. ಪರಿಹಾರದ ವಿಚಾರಣೆಗೆ ಮಾಲೀಕರು ತಮ್ಮ ಇಬ್ಬರು ಮಕ್ಕಳೊಂದಿಗೆ ಬಂದಿದ್ದರು. ಆಳುಗಳಿಗೆ ಅವರು ವಿಮೆ ಮಾಡಿಸಿರಲಿಲ್ಲ. ಕೊಡುವುದಾದರೆ ಕೈಯಿಂದಲೇ ಕೊಡಬೇಕಿತ್ತು.

“ಇವರು ನಿಮ್ಮ ಕೆಲಸಗಾರರಾ?” ಅಧಿಕಾರಿ ಮಾಲೀಕರನ್ನು ಕೇಳಿದರು.

“ಛೇ, ಆಳಲ್ರೀ ಸಾಹೇಬ್ರ, ಇಂವಾ ನಮ್ಮ ಮನೀ ಮಗ. ನಮ್ಮನ್ಯಾಗ ಉಂಡು ಬೆಳದಾಂವ. ಪ್ರೀತಿಗೆ ಮಿಲ್ಲಿಗೆ ಬರ್ತಿದ್ದ. ಮಗಗ ಯಾರರ ಪಗಾರ ಕೊಡ್ತಾರೇನ್ರಿ?”

ಅವನು ಅಂಗಿಯ ಖಾಲಿ ತೋಳನ್ನು ಮಡಿಸಿಕೊಂಡ. ಆಮೇಲೆ ಎದ್ದು ಬಂದು ಎಡಗೈಯಿಂದ ಮಾಲೀಕರ ಪಾದ ಮುಟ್ಟಿದ.

“ಯಪ್ಪಾ, ಹಂಗಾರ ಮಿಲ್ಲಿನಾಗ ನನ್ನ ಪಾಲು ಎಷ್ಟು?”

ಹಿರಿಯ ಮಗ ಕುರ್ಚಿಯಿಂದ ಎದ್ದು ನಿಂತ.

“ಸಾಹೇಬ್ರ, ಬರ್ಕೋರಿ. ಇಂವಾ ನಮ್ಮ ಆಳು.”