ಐದು ಸೆಕೆಂಡು

ಲೊಚ್ ಲೊಚ್.

ವಿದ್ಯಾಶ್ರೀ ಹೆಡ್‌ಫೋನ್ ತೆಗೆದು ಗೋಡೆ ನೋಡಿದಳು. ರಾತ್ರಿ ಹನ್ನೊಂದೂವರೆ. ಟ್ಯೂಬ್‌ಲೈಟಿನ ಹಿಂದೆ, ಕ್ಯಾಲೆಂಡರಿನ ಕೆಳಗೆ, ಕಿಟಕಿಯ ಮೂಲೆಯಲ್ಲಿ, ಎಲ್ಲೂ ಹಲ್ಲಿ ಇರಲಿಲ್ಲ. ಮತ್ತೆ ಹಾಕಿಕೊಂಡು ಹತ್ತು ಸೆಕೆಂಡು ಹಿಂದಿನಿಂದ ಕೇಳಿದಳು. ಮೊದಲು ಅಪ್ಪನ ದನಿ: "ನಾನು ವಾಪಸ್ ಬರಲ್ಲ. ಬಾಗಿಲು ಹಾಕ್ಕೊಳ್ಳಿ." ಅದರ ಬೆನ್ನಿಗೇ ಲೊಚ್ ಲೊಚ್. ಹಲ್ಲಿ ಶಿವಮೊಗ್ಗದ ವಿನೋಬನಗರದ ಈ ಮನೆಯಲ್ಲಿರಲಿಲ್ಲ, ರೆಕಾರ್ಡಿಂಗಿನೊಳಗಿತ್ತು.

ಆ ಮಾತು ಅಪ್ಪನದಲ್ಲ, ಆಟದ್ದು. ದೀಪಾವಳಿಗೆ ಬಿಡುಗಡೆಯಾಗಲಿದ್ದ ವಿಡಿಯೋ ಗೇಮ್ ಒಂದಕ್ಕೆ ಅವಳು ಕನ್ನಡದ ಮಾತು ಬರೆದು, ದನಿ ಕೊಡಿಸಿ ಕಳಿಸುತ್ತಿದ್ದಳು. ಉಸಿರಾಡಲು ಆಮ್ಲಜನಕವಿಲ್ಲದ ಗ್ರಹ, ಅಲ್ಲೊಂದು ಗಣಿ, ನಲವತ್ತು ಜನ ಕೆಲಸಗಾರರು. ಆಡುವವನೇ ಅವರ ನಾಯಕ. ಧೂಳಿನ ಬಿರುಗಾಳಿ ಎದ್ದಾಗ ಒಳಗಿನ ಆಮ್ಲಜನಕ ಎಷ್ಟು ಜನಕ್ಕೆ ಸಾಕೆಂದು ನೋಡಿ, ಯಾರನ್ನು ಹೊರಗೆ ಬಿಡಬೇಕೆಂದು ಅವನು ಆರಿಸಬೇಕು. ಹೊರಗುಳಿದವನು ಆ ಒಂದು ಮಾತು ಹೇಳುವ ತನಕ ಬಾಗಿಲು ಮುಚ್ಚುವುದಿಲ್ಲ. ಹೇಳಿದ ಮೇಲೆ ಅವನಿಲ್ಲ. ಆಟವನ್ನು ಮೊದಲಿನಿಂದ ಶುರು ಮಾಡಿದರೂ ಆ ಮುಖ, ಆ ಹೆಸರು ಮತ್ತೆ ಬರುವುದಿಲ್ಲ. ಕಂಪನಿಯವರು ಹೆಮ್ಮೆಯಿಂದ ಸಾರಿಕೊಳ್ಳುತ್ತಿದ್ದುದು ಇದನ್ನೇ.

ಗಣಿಯ ಮುದುಕ ಮೇಸ್ತ್ರಿಯ ದನಿಗೆ ಅವಳಿಗೆ ಅಪ್ಪನೇ ಸರಿ ಎನಿಸಿತ್ತು. ಹೊನ್ನಯ್ಯ ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಯಂತ್ರಗಳ ಸದ್ದಿನ ಮೇಲೆ ಕೂಗಿ ಮಾತಾಡಿದವರು. ಹಿಂದಿನ ಭಾನುವಾರ ಅಲ್ಲೇ ಜನ್ನಾಪುರದ ಅವರ ಮನೆಯ ಸ್ಟೋರ್ ರೂಮಿಗೆ ಕಂಬಳಿ ನೇತುಹಾಕಿ, ಒಳಗೆ ಮೈಕಿನ ಮುಂದೆ ಅವರನ್ನು ಕೂರಿಸಿ, ತಾನು ಬಾಗಿಲಾಚೆ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು.

"ಸಾಯೋನು ಇಷ್ಟು ನೀಟಾಗಿ ಮಾತಾಡ್ತಾನೇನೇ ಮಾರಾಯ್ತಿ?" ಎಂದು ಅವರು ನಕ್ಕಿದ್ದರು.

"ನೀವು ಹೇಳಿ ಅಪ್ಪ. ಹೇಳಿದ್ಮೇಲೆ ಐದು ಸೆಕೆಂಡು ಒಂಚೂರೂ ಅಲ್ಲಾಡ್ಬೇಡಿ, ಸದ್ದು ಬರ್ಬಾರ್ದು."

ಬುಧವಾರ ಅವರಿಗೆ ಎದೆನೋವು ಬಂತು. ನಾಳೆ ಬೆಳಿಗ್ಗೆ ಎಂಟಕ್ಕೆ ಶಿವಮೊಗ್ಗದಲ್ಲೇ ಹೃದಯದ ಆಪರೇಷನ್. ಆಸ್ಪತ್ರೆ ಹತ್ತಿರವೆಂದು ಅಪ್ಪ ಅಮ್ಮ ಇಬ್ಬರೂ ಈ ರಾತ್ರಿ ಇಲ್ಲಿಗೆ ಬಂದು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಫೈಲ್ ಕಳಿಸಲು ಕೊನೆಯ ಗಡುವೂ ನಾಳೆಯೇ.

ಆಡಿದ ಮಾತಿನ ಬೆನ್ನಿಗೆ ಹಲ್ಲಿ ನುಡಿದರೆ ಮಾತು ನಿಜವಾಗುತ್ತದೆ. ಇದನ್ನು ವಿದ್ಯಾಶ್ರೀ ಕಾಲೇಜಿನ ದಿನಗಳಿಂದಲೂ ನಂಬಿದವಳಲ್ಲ. ನಂಬುತ್ತಿದ್ದವರು ಅಪ್ಪ. ಊಟದ ನಡುವೆ ಹಲ್ಲಿ ನುಡಿದರೂ ದೋಷ ಕಳೆಯಲೆಂದು ಎಡಗೈ ಬೆರಳಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎನ್ನದೆ ಮುಂದಿನ ತುತ್ತು ಎತ್ತುತ್ತಿರಲಿಲ್ಲ. ಅವಳು ದನಿ ಜೋರು ಮಾಡಿ ಇನ್ನೊಮ್ಮೆ ಕೇಳಿದಳು. ಹಲ್ಲಿ ನುಡಿದೊಡನೆ ಅಪ್ಪನ ಉಸಿರು ಗಕ್ಕನೆ ನಿಂತಿತ್ತು. ಬೆರಳಿನ ಸದ್ದಿಲ್ಲ. ಕೃಷ್ಣನೂ ಇಲ್ಲ. ಮೂರು, ನಾಲ್ಕು, ಐದು. ಮಗಳು ಹೇಳಿದ್ದಳಲ್ಲ, ಅಲ್ಲಾಡಿರಲಿಲ್ಲ. ಆಮೇಲೆ, "ಆಯ್ತೇನೇ?" ಆ ದನಿಯಲ್ಲಿ ನಗುವಿರಲಿಲ್ಲ.

"ಇನ್ನೂ ಮಲಗಿಲ್ವೇನೇ?"

ಹೆಡ್‌ಫೋನ್ ತೆಗೆಯುತ್ತಿದ್ದ ಅವಳ ಕೈಯಿಂದ ಅದು ಜಾರಿತು. ಹೊನ್ನಯ್ಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಖಾಲಿ ಲೋಟ. "ಹನ್ನೆರಡರ ಮೇಲೆ ಒಂದ್ ತೊಟ್ಟು ನೀರೂ ಕುಡೀಬಾರ್ದಂತೆ. ಈಗ್ಲೇ ಕುಡಿದ್ಬಿಟ್ಟೆ," ಎಂದರು. ಆಮೇಲೆ ಪರದೆಯ ಕಡೆ ನೋಡಿ, "ನನ್ನದೇನಾ ಅದು?"

"ಹೂಂ. ಆ ಬಾಗಿಲಿನ ಮಾತು."

"ಚೆನ್ನಾಗಿ ಬಂದಿದ್ಯಾ?"

"ಬಂದಿದೆ. ಕೊನೆಗೆ... ಒಂಚೂರು ಫ್ಯಾನ್ ಸದ್ದು ಬಂದಿದೆ ಅಪ್ಪ."

ಹೊನ್ನಯ್ಯ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದರು. "ಹೌದು, ಫ್ಯಾನೇ. ನನಗೂ ಕೇಳಿಸ್ತು."

ಜನ್ನಾಪುರದ ಸ್ಟೋರ್ ರೂಮಿಗೆ ಫ್ಯಾನು ಹಾಕಿಸಿಯೇ ಇಲ್ಲ. ಆ ಮನೆ ಕಟ್ಟಿಸಿದವರು ಅವರೇ.

"ತೆಗೀಬಹುದಾ ಅದನ್ನ?"

"ತೆಗೀಬಹುದು. ಗೊತ್ತೇ ಆಗಲ್ಲ."

"ಮತ್ತೆ ಆ ಮೇಸ್ತ್ರಿನ? ಒಂದ್ಸಲ ಹೊರಗೆ ಬಿಟ್ಟ ಮೇಲೆ ಹೆಂಗಾದ್ರೂ ಮಾಡಿ ಒಳಗೆ ತರೋಕೆ ಬರಲ್ವಾ?"

"ಇಲ್ಲ ಅಪ್ಪ. ಆಟದ ವಿಶೇಷವೇ ಅದು."

"ಎಂಥಾ ಆಟ ಮಾರಾಯ್ತಿ," ಎಂದು ನಗಲು ನೋಡಿದರು. ಹೋಗುತ್ತ ತಿರುಗಿ, "ಬೆಳಿಗ್ಗೆ ಬೇಗ ಏಳ್ಬೇಕು. ಬಾಗಿಲು ಹಾಕ್ಕೊಂಡು ಮಲಕ್ಕೋ," ಎಂದರು.

ವಿದ್ಯಾಶ್ರೀ ಹಲ್ಲಿಯ ಸದ್ದನ್ನು ಆರಿಸಿ ಅಳಿಸಿದಳು. ಮತ್ತೆ ಕೇಳಿದಳು. ಈಗ ಆ ಮಾತು ಸ್ವಚ್ಛವಾಗಿತ್ತು. ಅದರ ನಂತರ ಉಸಿರಿಲ್ಲದ ಮೌನ ಮಾತ್ರ. 'ಕಳಿಸು' ಎಂಬುದರ ಮೇಲೆ ಬೆರಳಿಟ್ಟಳು. ಒತ್ತಲಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಕೋಣೆಯ ಬಾಗಿಲಿಗೆ ಕೈ ಹಾಕಿದಳು. ಅದನ್ನೂ ಮುಚ್ಚಲಾಗಲಿಲ್ಲ.

ತೆರೆದ ಬಾಗಿಲಿನಿಂದ ಪಕ್ಕದ ಕೋಣೆಯ ಸದ್ದು ಕೇಳಿಸಿತು. ಟಕ್. ಟಕ್. ಟಕ್. ಮಂಚದ ಮರಕ್ಕೆ ಬೆರಳು. ಪಿಸುದನಿಯಲ್ಲಿ ಕೃಷ್ಣನ ಹೆಸರು. ಒಂದು ವಾರ ತಡವಾಗಿ.

"ಏನ್ರೀ ಅದು, ಇಷ್ಟೊತ್ತಲ್ಲಿ?" ಅಮ್ಮನ ನಿದ್ದೆಗಣ್ಣಿನ ದನಿ.

"ಏನಿಲ್ಲ ಮಲಕ್ಕೋ. ಸೊಳ್ಳೆ."

ಬೆಳಿಗ್ಗೆ ಅಮ್ಮ ಕೇಳಿದರೆ ತಾನೂ ಸೊಳ್ಳೆ ಎಂದೇ ಹೇಳುವುದೆಂದು ವಿದ್ಯಾಶ್ರೀ ಕತ್ತಲಲ್ಲಿ ನಿಂತು ನಿಶ್ಚಯಿಸಿದಳು. ಅಮ್ಮನಿಗೆ ಮಾತ್ರವಲ್ಲ, ಹಲ್ಲಿಯ ವಿಷಯ ಯಾರಿಗೂ ಹೇಳುವುದಿಲ್ಲ. ಆಮೇಲೆ ಸದ್ದಾಗದಂತೆ ನೆಲಕ್ಕೆ ಬಗ್ಗಿ ಎಡಗೈ ಬೆರಳು ಮಡಚಿದಳು.