ಆಯಿ ನೀರು ಸೋಸಿದ ಹೊತ್ತು

ಹನ್ನೆರಡಕ್ಕೆ ಐದು ನಿಮಿಷವಿತ್ತು. ಹಾರೂಗೇರಿಯಿಂದ ಕಾಠ್ಮಂಡುವಿಗೆ ಪ್ರವಾಸ ಹೋಗಿದ್ದ ನಮ್ಮ ಗುಂಪು ಹಳೆಯ ಅರಮನೆ ನೋಡಿ, ಎದುರಿನ ಗುಡಿಯತ್ತ ಹೊರಡುವುದರಲ್ಲಿತ್ತು. ನನ್ನ ಅಜ್ಜಿ ಮಾತ್ರ ಅಂಗಳದಲ್ಲೇ ಕುಳಿತು, ತಂಬಿಗೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸತೊಡಗಿದಳು.

"ಬಾಟಲಿ ನೀರೂ ಸೋಸ್ತಾರೇನ ಆಯಿ?"

"ಜೈನರ ಮನ್ಯಾಗ ಹುಟ್ಟಿ ಹಿಂಗ ಕೇಳ್ತೀ? ಸುಮ್ಕ ಕುಂದ್ರ ಬೇ."

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನೀ ಮುಂದ ಹೋಗಿ ಪಾಳಿ ಹಿಡಿ" ಎಂದು ಅಪ್ಪನನ್ನು ಕಳಿಸಿ, ನಾನು ಆಯಿಯ ಹತ್ತಿರ ಉಳಿದೆ.

ತಂಬಿಗೆಯ ನೀರು ತುಳುಕಿತು. ಭೂಕಂಪಕ್ಕೆ ಆ ಗುಡಿ ಕಣ್ಣೆದುರೇ ಕುಸಿಯಿತು. ಅಪ್ಪ ನಮಗೆ ಸಿಕ್ಕಿದ್ದು ಸಂಜೆಗೆ, ತಲೆಗೆ ಪಟ್ಟಿ ಕಟ್ಟಿಸಿಕೊಂಡು.

ಇಂದಿಗೂ ಇಟ್ಟಿಗೆಯ ಧೂಳು ಮೂಗಿಗೆ ಬಡಿದರೆ ನನ್ನ ಕೈ ಪಕ್ಕದವರ ಕೈ ಹುಡುಕುತ್ತದೆ.

ಊರಿಗೆ ಬಂದ ಮೇಲೂ ರಾತ್ರಿ ಟ್ರ್ಯಾಕ್ಟರ್ ಹಾದು ಕಿಟಕಿ ಅದುರಿದರೆ ಸಾಕು, ಅಪ್ಪನೂ ನಾನೂ ಎದ್ದು ಅಂಗಳಕ್ಕೆ ಓಡುತ್ತಿದ್ದೆವು. ಒಂದು ದಿನ ಅಳುತ್ತ ಹೇಳಿಬಿಟ್ಟೆ: "ನಿನ್ನ ಮುಂದ ಕಳಿಸಿದಾಕಿ ನಾನ."

"ಹುಚ್ಚಿ, ನಾ ಒಳಗ ಎಲ್ಲಿ ಹೋಗಿದ್ನಿ? ನೀ ಬರ್ತಿ ಅಂತ ಬಾಗಲದ ಹೊರಗ ನಿಂತಿದ್ನಿ."

ಅಂದು ರಾತ್ರಿ ನಾವಿಬ್ಬರೂ ಅಂಗಳಕ್ಕೆ ಓಡದೆ ಬೆಳಗಾಗುವ ತನಕ ಮಲಗಿದೆವು.